‘ಸಾಮಾನ್ಯವಾಗಿ’ ಎಂಬ ಮಾತಿನ ತರ್ಕ



ಕೂಟದ ಈ ವರ್ಷದ ಅತಿಥಿ ಉಪನ್ಯಾಸಕ್ಕೆ ನಮ್ಮನ್ನು ಆಹ್ವಾನಿಸಿದಾಗ, ಕೊಲೆಸ್ಟರಾಲ್ ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಕಾರ್ಯದರ್ಶಿಗಳ ಅಪೇಕ್ಷೆಯಾಗಿತ್ತು. ವೈದ್ಯರನ್ನು ವೇದಿಕೆಗೆ ಕರೆದರೆ ಸಾಮಾನ್ಯವಾಗಿ ಆಗುವುದೇ ಹೀಗೆ. ಹೋಳಿಗೆಯೂಟಕ್ಕೆ ಮುನ್ನ ಆ ವಿಷಯವನ್ನು ಎತ್ತುವುದು ಸೌಜನ್ಯವಲ್ಲವೆಂದು ನಮಗೆ ತೋರಿತು. ಆದ್ದರಿಂದ, ಈಗಷ್ಟೇ ನಮ್ಮ ಬಾಯಿಂದ ಹೊರಬಿದ್ದ ಒಂದು ಪದವನ್ನೇ ಇಂದಿನ ವಿಷಯವನ್ನಾಗಿ ಮಾಡಿಕೊಂಡಿದ್ದೇವೆ. ಆ ಪದ ‘ಸಾಮಾನ್ಯವಾಗಿ’.

ವೈದ್ಯವೃತ್ತಿಯಲ್ಲಿರುವವರು ದಿನಕ್ಕೆ ನೂರು ಸಲ ಆಡುವ ಮಾತಿದು. ಅಪೆಂಡಿಕ್ಸಿನ ನೋವು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಆರಂಭವಾಗಿ ಬಲಗಡೆಗೆ ಇಳಿಯುತ್ತದೆ. ಹೃದಯಾಘಾತದಲ್ಲಿ ಸಾಮಾನ್ಯವಾಗಿ ಎದೆ ಬಿಗಿಯುತ್ತದೆ. ‘ಎಲ್ಲ ಮನುಷ್ಯರೂ ಮರ್ತ್ಯರು’ ಎಂಬಂಥ ನಿರಪವಾದವಾದ ವಾಕ್ಯಗಳು ನಮ್ಮ ಪಠ್ಯಪುಸ್ತಕಗಳಲ್ಲಿ ತೀರ ವಿರಳ. ಆದರೆ ಅರಿಸ್ಟಾಟಲನ ಕಾಲದಿಂದ ಬೆಳೆದು ಬಂದ ಪಾಶ್ಚಾತ್ಯ ತರ್ಕಶಾಸ್ತ್ರವು ತನ್ನ ಶಕ್ತಿಯನ್ನೆಲ್ಲ ಆ ವಿರಳ ವಾಕ್ಯಗಳ ಮೇಲೆಯೇ ವ್ಯಯಿಸಿತು. ‘ಸಾಮಾನ್ಯವಾಗಿ’ ಎಂಬ ಮಾತಿಗೆ ಗಣಿತದಷ್ಟು ಕಟ್ಟುನಿಟ್ಟಾದ ತರ್ಕವನ್ನು ರಚಿಸುವ ಕೆಲಸಕ್ಕೆ ವಿದ್ವಾಂಸರು ಕೈಹಾಕಿದ್ದು ೧೯೮೦ರ ಆಸುಪಾಸಿನಲ್ಲಿ. ಅದೂ ಯಂತ್ರಗಳಿಗೆ ಲೋಕಜ್ಞಾನವನ್ನು ಕಲಿಸಬೇಕೆಂದು ಹೊರಟಾಗ. ನಾವು ತರ್ಕಶಾಸ್ತ್ರಜ್ಞರಲ್ಲ. ಈ ಶಾಸ್ತ್ರವನ್ನು ಬಿಡುವಿನ ವೇಳೆಯಲ್ಲಿ ಓದಲು ತೊಡಗಿದ್ದು ನಮ್ಮದೇ ಒಂದು ತಪ್ಪಿನ ದೆಸೆಯಿಂದ. ಆ ತಪ್ಪಿನ ವಿಚಾರಕ್ಕೆ ಕಡೆಯಲ್ಲಿ ಬರುತ್ತೇವೆ. ಮೊದಲು ಅದಕ್ಕೂ ಹಿಂದಿನ, ಅಷ್ಟೇನೂ ಹಾನಿಯಾಗದ ಇನ್ನೊಂದು ತಪ್ಪನ್ನು ಹೇಳಿಕೊಳ್ಳಬೇಕು.

ಅದು ೧೯೯೦ರ ದಶಕದ ನಡುಭಾಗ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಓಹಾಯೊ ನದಿಯ ಕಣಿವೆಯ ಒಂದು ಆಸ್ಪತ್ರೆಗೆ ರೆಸಿಡೆನ್ಸಿಗೆಂದು ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಐವತ್ತು ದಾಟಿದ ರೈತರೊಬ್ಬರು ವಾರ್ಡಿಗೆ ಬಂದರು. ಬಹುಕಾಲ ಸಿಗರೇಟು ಸೇದಿದವರು. ತಿಂಗಳುಗಟ್ಟಲೆ ಕೆಮ್ಮು, ಇಳಿದ ತೂಕ, ರಾತ್ರಿ ಬೆವರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲೊಂದು ಕುಳಿ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂನಲ್ಲಿ ಇಂಥ ನೂರಾರು ಚಿತ್ರಗಳನ್ನು ನೋಡಿ ಪಳಗಿದ ನಮಗೆ ಎರಡನೆಯ ಯೋಚನೆಯೇ ಬರಲಿಲ್ಲ. ರೌಂಡ್ಸಿನಲ್ಲಿ ಎಲ್ಲರಿಗಿಂತ ಮೊದಲೇ ‘ಕ್ಷಯ’ ಎಂದು ಸಾರಿಬಿಟ್ಟೆವು. ಹಿರಿಯ ವೈದ್ಯರು ನಗಲಿಲ್ಲ. ರೋಗಿಯ ಕಡೆ ತಿರುಗಿ, ನೀವು ಎಲ್ಲಿಯವರು, ಬೇರೆ ದೇಶದಲ್ಲಿ ಇದ್ದಿರಾ, ಕೋಳಿಮನೆ ಗುಡಿಸಿದ್ದುಂಟೆ ಎಂದು ಮೂರೇ ಪ್ರಶ್ನೆ ಕೇಳಿದರು. ಹುಟ್ಟಿದಂದಿನಿಂದ ಆ ಕಣಿವೆ ಬಿಟ್ಟು ಹೋದವರಲ್ಲ. ಕೋಳಿಮನೆ ಗುಡಿಸುವುದು ಅವರ ನಿತ್ಯದ ಕೆಲಸ. ಪರೀಕ್ಷೆಗಳು ಬಂದಾಗ ಅದು ಕ್ಷಯವಾಗಿರಲಿಲ್ಲ; ಹಕ್ಕಿ ಬಾವಲಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುವ ಒಂದು ಶಿಲೀಂಧ್ರದಿಂದ ಬರುವ ಹಿಸ್ಟೊಪ್ಲಾಸ್ಮೋಸಿಸ್ ಎಂಬ ರೋಗವಾಗಿತ್ತು. ಓಹಾಯೊ, ಮಿಸಿಸಿಪ್ಪಿ ನದಿಗಳ ಕಣಿವೆಯಲ್ಲಿ ಅದು ಮನೆಮಾತು. ನಮಗೆ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರೆತ ಒಂದು ಹೆಸರು, ಅಷ್ಟೆ.

ಮೈಸೂರಿನಲ್ಲಿ ಕಲಿತ ನಿಯಮ ಸುಳ್ಳಾಗಿತ್ತೆ? ಇಲ್ಲ. ಮೈಸೂರಿನಲ್ಲಿ ಅದು ಇಂದಿಗೂ ಸತ್ಯವೇ. ಹಾಗಾದರೆ ಆ ದಿನ ನಮ್ಮ ತಲೆಯೊಳಗೆ ಬದಲಾಗಬೇಕಾಗಿದ್ದುದು ಯಾವುದು? ಈ ಪ್ರಶ್ನೆ ಕೇಳಿಸುವಷ್ಟು ಸುಲಭದ್ದಲ್ಲ.

ಹಳೆಯ ತರ್ಕದ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಅದರಲ್ಲಿ ಜ್ಞಾನವೆಂಬುದು ಮಣ್ಣಿನ ಹುಂಡಿಯಿದ್ದಂತೆ: ಕಾಸು ಒಳಗೆ ಬೀಳುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಕೆಲವು ಆಧಾರಗಳಿಂದ ಒಂದು ತೀರ್ಮಾನ ಸಿದ್ಧವಾದ ಮೇಲೆ, ಇನ್ನೆಷ್ಟು ಆಧಾರಗಳನ್ನು ಸೇರಿಸಿದರೂ ಆ ತೀರ್ಮಾನ ಬಿದ್ದುಹೋಗದು. ‘ಸಾಮಾನ್ಯವಾಗಿ’ ಎಂದೊಡನೆ ಈ ಅಭಯ ತಪ್ಪುತ್ತದೆ. ‘ಕೆಮ್ಮು, ಕುಳಿ’ ಎಂಬಷ್ಟರಿಂದ ‘ಕ್ಷಯ’ ಎನ್ನುವುದು ಸರಿ. ‘ಕೆಮ್ಮು, ಕುಳಿ, ಓಹಾಯೊ ಕಣಿವೆಯ ರೈತ’ ಎಂದಾಗ ಅದೇ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ತಿಳಿವಳಿಕೆ ಹೆಚ್ಚಿತು, ತೀರ್ಮಾನ ಕಳೆಯಿತು. ಇಂಥ ತರ್ಕಕ್ಕೆ ಇಂಗ್ಲಿಷಿನಲ್ಲಿ ನಾನ್‌ಮಾನೊಟಾನಿಕ್ ಲಾಜಿಕ್ ಎಂಬ ಬಾಯಿತುಂಬುವ ಹೆಸರಿದೆ. ‘ಹಿಂತೆಗೆಯಬಹುದಾದ ತೀರ್ಮಾನಗಳ ತರ್ಕ’ ಎಂದು ನಾವು ಕರೆದುಕೊಳ್ಳೋಣ. ೧೯೮೦ರಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬ ವಿದ್ವತ್ಪತ್ರಿಕೆಯ ಒಂದು ಸಂಚಿಕೆ ಇದಕ್ಕೆಂದೇ ಮೀಸಲಾಯಿತು. ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದವರು ಅದರಲ್ಲಿ ಬರೆದರು. ಹಕ್ಕಿಗಳು ಹಾರುತ್ತವೆ, ಆದರೆ ಪೆಂಗ್ವಿನ್ ಹಾರುವುದಿಲ್ಲ ಎಂಬುದು ಆ ಶಾಸ್ತ್ರದ ಸವೆದ ಉದಾಹರಣೆ.

ನಮಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಮನೆಯಲ್ಲೇ ದೊರಕಿತು. ಮಗಳಿಗೆ ಆಗ ನಾಲ್ಕು ವರ್ಷ. ನೆರೆಯ ಕನ್ನಡ ಕುಟುಂಬದ ಹುಡುಗಿಯರಿಬ್ಬರು ಬಂದಾಗ, “ಅಮ್ಮಾ, ಅಕ್ಕಗಳು ಬಂದ್ರು!” ಎಂದು ಕೂಗಿದಳು. ಮರ ಮರಗಳು, ಮನೆ ಮನೆಗಳು, ಆದ್ದರಿಂದ ಅಕ್ಕ ಅಕ್ಕಗಳು. ಯಾರೂ ಹೇಳಿಕೊಡದೆ ಆ ಮಗು ಒಂದು ಸಾಮಾನ್ಯ ನಿಯಮವನ್ನು ಹಿಡಿದಿತ್ತು. “ಅಕ್ಕಂದಿರು ಅನ್ಬೇಕು ಪುಟ್ಟಿ” ಎಂದು ಅವಳ ತಾಯಿ ತಿದ್ದಿದರು. ಮರುದಿನ ಹಿತ್ತಲಿಗೆ ಬಂದ ಎರಡು ಬೆಕ್ಕುಗಳನ್ನು ಕಂಡು ಮಗಳು ಉದ್ಗರಿಸಿದಳು: “ಬೆಕ್ಕಂದಿರು!”

ನಾವೆಲ್ಲ ನಕ್ಕೆವು. ಆದರೆ ಆ ಎರಡು ದಿನಗಳಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಮೊದಲ ದಿನ ನಿಯಮವನ್ನು ಅಪವಾದಕ್ಕೂ ಹಚ್ಚಿದಳು. ಎರಡನೆಯ ದಿನ ತಿದ್ದುಪಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅಪವಾದವನ್ನೇ ನಿಯಮವಾಗಿಸಿದಳು. ಕನ್ನಡದಲ್ಲಿ ಬಹುವಚನಕ್ಕೆ ಸಾಮಾನ್ಯವಾಗಿ ‘ಗಳು’. ಅದರೊಳಗೆ ಮನುಷ್ಯವಾಚಕವಾದರೆ ಸಾಮಾನ್ಯವಾಗಿ ‘ರು’: ಹುಡುಗರು, ಅರಸರು. ಅದರೊಳಗೂ ಬಂಧುವಾಚಕವಾದರೆ ಸಾಮಾನ್ಯವಾಗಿ ‘ಅಂದಿರು’: ಅಣ್ಣಂದಿರು, ಅಕ್ಕಂದಿರು. ಒಳಗಿನ ಸುತ್ತಿಗೆ ಹೋದಂತೆ ಹೊರಗಿನ ನಿಯಮ ಸುಮ್ಮನಾಗುತ್ತದೆ, ಆದರೆ ಸಾಯುವುದಿಲ್ಲ. ಹೆಚ್ಚು ವಿಶೇಷವಾದ ನಿಯಮವು ಕಡಿಮೆ ವಿಶೇಷವಾದುದನ್ನು ತಡೆಯುತ್ತದೆ. ಪಾಣಿನಿಯ ವ್ಯಾಕರಣ ಪರಂಪರೆಯಲ್ಲಿ ಇದಕ್ಕೆ ಉತ್ಸರ್ಗ, ಅಪವಾದ ಎಂಬ ಹೆಸರುಗಳುಂಟು. ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆ ಎಂಬುದು ವೈಯಾಕರಣರಿಗೂ ಮೀಮಾಂಸಕರಿಗೂ ಸಮ್ಮತವಾದ ನ್ಯಾಯ. ಸಂಧಿಯಾಗಬೇಕಾದಲ್ಲಿ ಆಗದೆ ಉಳಿಯುವುದನ್ನು ‘ಪ್ರಕೃತಿಭಾವ’ ಎಂದು ನಾವೆಲ್ಲ ಹೈಸ್ಕೂಲಿನಲ್ಲಿ ಉರುಹೊಡೆದಿದ್ದೇವೆ. ಯಂತ್ರಗಳಿಗೆ ಬುದ್ಧಿ ಹೇಳಹೊರಟ ಪಂಡಿತರು ನಮ್ಮ ವೈಯಾಕರಣರನ್ನು ಓದಿ ಇದನ್ನು ಕಂಡುಕೊಂಡರೆಂದು ಹೇಳುವ ಚಾಪಲ್ಯ ನಮಗಿಲ್ಲ. ಅವರು ತಮ್ಮ ದಾರಿಯಲ್ಲೇ ಬಂದರು. ಆದರೂ ಎರಡು ದಾರಿಗಳು ಕೂಡುವುದನ್ನು ಕಂಡರೆ ಸಂತೋಷವಾಗುತ್ತದೆ.

ಅವರ ದಾರಿಯಲ್ಲಿ ಬಹಳ ಸುಂದರವಾದ ಒಂದು ತಂಗುದಾಣವಿದೆ. ೧೯೯೦ರಲ್ಲಿ ಸರಿತ್ ಕ್ರೌಸ್, ಡೇನಿಯಲ್ ಲೇಮನ್, ಮೆನಾಹೆಮ್ ಮಗಿಡೋರ್ ಎಂಬ ಇಸ್ರೇಲಿನ ಮೂವರು ವಿದ್ವಾಂಸರು ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ೧೯೯೨ರಲ್ಲಿ ಕೊನೆಯ ಇಬ್ಬರು ಅದನ್ನು ಮುಂದುವರಿಸಿದರು. ಅವರ ಕಲ್ಪನೆಯನ್ನು ದಸರೆಯ ಗೊಂಬೆಗಳಿಂದ ವಿವರಿಸಲು ಯತ್ನಿಸುತ್ತೇವೆ. ಗೊಂಬೆ ಕೂರಿಸುವ ಮೆಟ್ಟಿಲುಗಳನ್ನು ನೆನಪಿಗೆ ತಂದುಕೊಳ್ಳಿ. ಲೋಕದಲ್ಲಿ ಘಟಿಸಬಹುದಾದ ಒಂದೊಂದು ಸನ್ನಿವೇಶವೂ ಒಂದೊಂದು ಗೊಂಬೆ. ಅತ್ಯಂತ ಸಹಜವಾದ ಸನ್ನಿವೇಶಗಳೆಲ್ಲ ಕೆಳಗಿನ ಮೆಟ್ಟಿಲಲ್ಲಿ. ತುಸು ಅಸಹಜವಾದವು ಅದರ ಮೇಲೆ. ತೀರ ವಿಚಿತ್ರವಾದವು ತುದಿಯಲ್ಲಿ. ಪಟ್ಟದ ಗೊಂಬೆಗಳು ಮೇಲೆ ಕೂರುವುದು ನಮ್ಮ ಸಂಪ್ರದಾಯ. ಇಲ್ಲಿ ಮರ್ಯಾದೆಯ ಲೆಕ್ಕ ತಿರುಗುಮುರುಗು, ಕ್ಷಮಿಸಬೇಕು. ಈಗ ‘ಹಕ್ಕಿ ಸಾಮಾನ್ಯವಾಗಿ ಹಾರುತ್ತದೆ’ ಎಂದರೆ ಏನರ್ಥ? ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ. ಹಕ್ಕಿಯೊಂದು ಮೊದಲು ಕಾಣಿಸುವ ಮೆಟ್ಟಿಲಲ್ಲಿ ನಿಲ್ಲಿ. ಆ ಮೆಟ್ಟಿಲಿನ ಹಕ್ಕಿಗಳೆಲ್ಲವೂ ಹಾರುವಂಥವಾಗಿದ್ದರೆ ವಾಕ್ಯ ಸರಿ. ಮೇಲಿನ ಮೆಟ್ಟಿಲುಗಳಲ್ಲಿ ಹಾರದ ಹಕ್ಕಿಗಳು ಎಷ್ಟಿದ್ದರೂ ಬಾಧಕವಿಲ್ಲ. ಪೆಂಗ್ವಿನ್ನನ್ನು ಹುಡುಕುವವರು ಇನ್ನೂ ಮೇಲೆ ಹತ್ತಬೇಕು. ಅದು ಮೊದಲು ಕಾಣುವ ಮೆಟ್ಟಿಲಲ್ಲಿ ಹಾರುವ ಪೆಂಗ್ವಿನ್ ಇರುವುದಿಲ್ಲ. ಎರಡು ವಾಕ್ಯಗಳೂ ಜಗಳವಿಲ್ಲದೆ ಒಟ್ಟಿಗೆ ಬಾಳುತ್ತವೆ.

ಈ ಗೊಂಬೆಯ ಮೆಟ್ಟಿಲುಗಳು ಮತ್ತೊಂದು ಕೆಲಸವನ್ನೂ ಮಾಡುತ್ತವೆ. ಬೇರೆ ಮೂವರು, ಬ್ಯೂನಸ್ ಐರಿಸ್‌ನ ನ್ಯಾಯಶಾಸ್ತ್ರಜ್ಞ ಕಾರ್ಲೋಸ್ ಅಲ್ಚೂರಾನ್, ಸ್ವೀಡನ್ನಿನ ಪೀಟರ್ ಗಾರ್ಡೆನ್‌ಫೋರ್ಸ್, ಆಸ್ಟ್ರೇಲಿಯ ಮೂಲದ ಡೇವಿಡ್ ಮೇಕಿನ್ಸನ್, ೧೯೮೫ರಲ್ಲಿ ಬೇರೊಂದು ಪ್ರಶ್ನೆಗೆ ಉತ್ತರ ಹುಡುಕಿದ್ದರು. ಒಬ್ಬರು ಅನೇಕ ಸಂಗತಿಗಳನ್ನು ನಂಬಿದ್ದಾರೆ. ಅವಕ್ಕೆ ಹೊಂದದ ಹೊಸ ಸಂಗತಿಯೊಂದು ನಿಶ್ಚಯವಾಗಿ ತಿಳಿದುಬರುತ್ತದೆ. ಆಗ ಹಳೆಯ ನಂಬಿಕೆಗಳಲ್ಲಿ ಯಾವುದನ್ನು ಬಿಡಬೇಕು? ನ್ಯಾಯಶಾಸ್ತ್ರಜ್ಞರಿಗೆ ಈ ಸಂಕಟ ಪರಿಚಿತ. ಶಾಸನಸಭೆ ಒಂದು ವಿಧಿಯನ್ನು ರದ್ದು ಮಾಡುತ್ತದೆ, ಆದರೆ ಉಳಿದ ಎರಡು ವಿಧಿಗಳನ್ನು ಒಟ್ಟಿಗೆ ಓದಿದರೆ ರದ್ದಾದುದೇ ಮತ್ತೆ ಹುಟ್ಟುತ್ತದೆ. ಆ ಎರಡರಲ್ಲಿ ಯಾವುದಕ್ಕೆ ಕತ್ತರಿ? ಕೇವಲ ತರ್ಕ ಇದನ್ನು ಹೇಳಲಾರದು. ಅವರು ಹೇಳಿದ್ದಿಷ್ಟು: ಹೊಸ ಸಂಗತಿಯನ್ನು ಒಪ್ಪಿಕೊಳ್ಳಬೇಕು, ಒಳಗೆ ವಿರೋಧ ಉಳಿಯಬಾರದು, ಹಳೆಯದನ್ನು ಅನಾವಶ್ಯಕವಾಗಿ ಬಿಸುಡಬಾರದು. ಯಾವುದನ್ನು ಬಿಡಬೇಕೆಂಬುದು ಆ ನಂಬಿಕೆ ಎಷ್ಟು ಆಳಕ್ಕೆ ಬೇರೂರಿದೆ ಎಂಬುದನ್ನು ಅವಲಂಬಿಸುತ್ತದೆ. ಮೇಲುಮೇಲೆ ಬೇರುಬಿಟ್ಟದ್ದು ಮೊದಲು ಹೋಗಬೇಕು. ಇಲ್ಲಿ ‘ನಂಬಿಕೆ’ ಎಂದರೆ ದೇವರ ಮೇಲಿನ ನಂಬಿಕೆಯಲ್ಲ; ‘ಫ್ರಿಜ್ಜಿನಲ್ಲಿ ಹಾಲಿದೆ’ ಎಂಬಂಥದೂ ಇಲ್ಲಿ ನಂಬಿಕೆಯೇ.

ಇದನ್ನು ಗೊಂಬೆಗಳ ಭಾಷೆಗೆ ತಂದರೆ: ಹೊಸ ಸಂಗತಿಗೆ ಹೊಂದದ ಗೊಂಬೆಗಳನ್ನೆಲ್ಲ ಎತ್ತಿಟ್ಟುಬಿಡಿ; ಉಳಿದವುಗಳಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲಿನವೇ ಇನ್ನು ಮುಂದೆ ನಿಮ್ಮ ಲೋಕ. ‘ಸಾಮಾನ್ಯವಾಗಿ’ ಎಂಬುದರ ಅರ್ಥವನ್ನು ಹೇಳಿದ ಮೆಟ್ಟಿಲುಗಳೇ ನಂಬಿಕೆಯನ್ನು ತಿದ್ದಿಕೊಳ್ಳುವ ಬಗೆಯನ್ನೂ ಹೇಳಿದವು. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳೆಂದು ಮೇಕಿನ್ಸನ್ ಮತ್ತು ಗಾರ್ಡೆನ್‌ಫೋರ್ಸ್ ೧೯೯೧ರಲ್ಲಿ ತೋರಿಸಿಕೊಟ್ಟರು.

ಇದರಿಂದ ಹೊರಡುವ ಒಂದು ಸೂಕ್ಷ್ಮವಂತೂ ನಮಗೆ ಹಾಸಿಗೆಯ ಬಳಿ ನಿಂತ ವೈದ್ಯರಿಗೆಂದೇ ಹೇಳಿದಂತಿದೆ. ಹೊಸದಾಗಿ ತಿಳಿದ ಸಂಗತಿ ನಾವು ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿರದಿದ್ದರೆ, ಈಗ ನಿಂತಿರುವ ಮೆಟ್ಟಿಲಿನಲ್ಲೇ ಕೆಲವು ಗೊಂಬೆಗಳು ಉಳಿಯುತ್ತವೆ. ನಮ್ಮ ತೀರ್ಮಾನಗಳೂ ಉಳಿಯುತ್ತವೆ. ಆದರೆ ಅದು ನಿರೀಕ್ಷೆಗೆ ವಿರುದ್ಧವಾಗಿದ್ದರೆ ಆ ಮೆಟ್ಟಿಲು ಪೂರ್ತಿ ಬರಿದಾಗುತ್ತದೆ. ಮೇಲಕ್ಕೆ ಹತ್ತಲೇಬೇಕು. ಅಲ್ಲಿ ಯಾರು ಕುಳಿತಿದ್ದಾರೆಂಬುದಕ್ಕೆ ಕೆಳಗಿನ ಮೆಟ್ಟಿಲು ಜಾಮೀನು ಕೊಡದು. ಎಂದರೆ, ಅಚ್ಚರಿಯ ಸಂಗತಿ ಬಂದಾಗ ಹಳೆಯ ತೀರ್ಮಾನಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಬೇಕು. ಹೇಳುವುದು ಸುಲಭ. ಮನುಷ್ಯಸ್ವಭಾವ ಮಾಡುವುದೇ ಬೇರೆ: ಅಚ್ಚರಿಗೆ ಒಂದು ತೇಪೆ ಹಚ್ಚಿ ಅದೇ ಮೆಟ್ಟಿಲಲ್ಲೇ ನಿಂತಿರುತ್ತದೆ.

ನಮ್ಮ ಆ ರೈತರ ರೋಗದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಹಿಸ್ಟೊಪ್ಲಾಸ್ಮೋಸಿಸ್ಸನ್ನು ಮೊದಲು ಗುರುತಿಸಿದವರು ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ವೈದ್ಯರು, ೧೯೦೫ರ ಕೊನೆಯಲ್ಲಿ, ಪನಾಮಾ ಕಾಲುವೆಯ ಪ್ರದೇಶದಲ್ಲಿ, ಅದೂ ಶವಪರೀಕ್ಷೆಯಲ್ಲಿ. ಮುಂದಿನ ನಾಲ್ಕು ದಶಕಗಳ ಕಾಲ ಅದು ಅತಿ ವಿರಳವಾದ, ಸಾಮಾನ್ಯವಾಗಿ ಪ್ರಾಣಾಂತಿಕವಾದ ರೋಗವೆಂದೇ ವೈದ್ಯಲೋಕ ನಂಬಿತ್ತು. ಮತ್ತೊಂದು ನಂಬಿಕೆ ಅದಕ್ಕಿಂತ ಆಳವಾದದ್ದು: ಶ್ವಾಸಕೋಶದ ಎಕ್ಸ್‌ರೇಯಲ್ಲಿ ಸುಣ್ಣದ ಚುಕ್ಕೆಗಳು ಕಂಡರೆ ಅದು ಸಾಮಾನ್ಯವಾಗಿ ವಾಸಿಯಾದ ಕ್ಷಯದ ಗುರುತು. ಆದರೆ ಈ ದೇಶದ ಮಧ್ಯಭಾಗದ ನದಿಕಣಿವೆಗಳಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಸುಣ್ಣದ ಚುಕ್ಕೆಗಳಿದ್ದವರಲ್ಲಿ ಅನೇಕರಿಗೆ ಟ್ಯುಬರ್ಕ್ಯುಲಿನ್ ಚರ್ಮಪರೀಕ್ಷೆ ಮಾಡಿದರೆ ಕ್ಷಯದ ಸುಳಿವೇ ಇರಲಿಲ್ಲ. ಕ್ಷಯ ಎಂದೋ ಬಂದು ಹೋಗಿದೆ, ಚರ್ಮದ ಪ್ರತಿಕ್ರಿಯೆ ಕಾಲಕ್ರಮೇಣ ಆರಿಹೋಗಿದೆ ಎಂಬ ವಿವರಣೆ ಸಿದ್ಧವಾಗಿತ್ತು. ನೋಡಿ, ತೇಪೆ! ಅದು ಮೂರ್ಖತನದ ತೇಪೆಯೂ ಅಲ್ಲ. ಕೆಲವರಲ್ಲಿ ಹಾಗೆ ಆಗುವುದುಂಟು. ಆಳವಾಗಿ ಬೇರೂರಿದ ನಂಬಿಕೆಯನ್ನು ಉಳಿಸಿಕೊಂಡು ಮೇಲಿನದನ್ನು ಬಿಟ್ಟುಕೊಟ್ಟದ್ದು ೧೯೮೫ರ ಆ ಮೂವರ ಸೂತ್ರಕ್ಕೂ ಸಮ್ಮತವೇ.

೧೯೪೫ರಲ್ಲಿ ಟೆನೆಸಿಯ ಏಮಸ್ ಕ್ರಿಸ್ಟಿ ಮತ್ತು ಪೀಟರ್‌ಸನ್ ಮಕ್ಕಳಲ್ಲಿ, ಸಾರ್ವಜನಿಕ ಆರೋಗ್ಯ ಇಲಾಖೆಯ ಕ್ಯಾರೊಲ್ ಪಾಮರ್ ದಾದಿಯರ ಶಾಲೆಯ ವಿದ್ಯಾರ್ಥಿನಿಯರಲ್ಲಿ, ಬೇರೊಂದು ಚರ್ಮಪರೀಕ್ಷೆಯನ್ನು ಮಾಡಿ ನೋಡಿದರು. ಚುಕ್ಕೆಗಳಿದ್ದೂ ಕ್ಷಯದ ಸುಳಿವಿಲ್ಲದವರಲ್ಲಿ ಬಹುಮಂದಿ ಹಿಸ್ಟೊಪ್ಲಾಸ್ಮಾ ಶಿಲೀಂಧ್ರಕ್ಕೆ ಪ್ರತಿಕ್ರಿಯೆ ತೋರಿದರು. ಒಂದೇ ಏಟಿಗೆ ಎರಡು ‘ಸಾಮಾನ್ಯವಾಗಿ’ಗಳು ಉರುಳಿದವು. ಆ ಕಣಿವೆಗಳಲ್ಲಿ ಸುಣ್ಣದ ಚುಕ್ಕೆ ಎಂದರೆ ಕ್ಷಯವೆಂಬುದು ಹೋಯಿತು. ವಿರಳ ಹಾಗೂ ಪ್ರಾಣಾಂತಿಕ ಎಂದುಕೊಂಡಿದ್ದ ರೋಗ, ಲಕ್ಷಾಂತರ ಜನರಿಗೆ ಗೊತ್ತೇ ಆಗದಂತೆ ಬಂದು ಹೋಗಿರುವ ಅತಿ ಸಾಮಾನ್ಯ ಸೋಂಕಾಯಿತು. ಆ ಬಳಿಕ ಹುಡುಕಿ ನೋಡಿದಾಗ, ಕ್ಷಯರೋಗಿಗಳೆಂದು ಸ್ಯಾನಟೋರಿಯಂಗಳಲ್ಲಿ ಮಲಗಿಸಿದ್ದವರಲ್ಲಿಯೂ ಕೆಲವರಿಗೆ ಇದ್ದದ್ದು ಈ ರೋಗವೆಂದು ತಿಳಿಯಿತು.

ಇಲ್ಲಿ ಎರಡು ಬಗೆಯ ತಿದ್ದುಪಡಿಗಳನ್ನು ಬೇರ್ಪಡಿಸಿಕೊಳ್ಳಬೇಕು. ನಮ್ಮ ರೈತರ ವಿಷಯದಲ್ಲಿ ಬಿದ್ದದ್ದು ಒಂದು ತೀರ್ಮಾನ ಮಾತ್ರ. ನಿಯಮ ಹಾಗೆಯೇ ಉಳಿಯಿತು, ಒಂದು ಒಳಸುತ್ತು ಸೇರಿತು. ಪೆಂಗ್ವಿನ್ ಕಂಡವರು ಹಕ್ಕಿಗಳು ಹಾರುತ್ತವೆಂಬುದನ್ನು ಬಿಡಬೇಕಾಗಿಲ್ಲ. ಆದರೆ ೧೯೪೫ರಲ್ಲಿ ಮೆಟ್ಟಿಲುಗಳ ಜೋಡಣೆಯೇ ಬದಲಾಯಿತು: ತುದಿಯಲ್ಲಿದ್ದ ಗೊಂಬೆಗಳು ಕೆಳಕ್ಕೆ ಬಂದವು. ಮುಂದೆ ಬರುವ ಅಚ್ಚರಿಗಳನ್ನು ಎದುರಿಸಬೇಕಾದ್ದು ಆ ಹೊಸ ಜೋಡಣೆಯಿಂದ. ಜೋಡಣೆಯನ್ನೇ ಬದಲಿಸುವುದಕ್ಕೆ ನಿಯಮಗಳೇನು ಎಂಬುದನ್ನು ೧೯೮೫ರ ಸಿದ್ಧಾಂತ ಹೇಳಿರಲಿಲ್ಲ. ಅದನ್ನು ಅದ್ನಾನ್ ದಾರ್ವಿಷ್ ಮತ್ತು ಜುಡೆಯಾ ಪರ್ಲ್ ೧೯೯೭ರಲ್ಲಿ ಎತ್ತಿಕೊಂಡರು. ತನ್ನ ಮುಂದಿರುವ ಅಚ್ಚರಿ ಕೇವಲ ಪೆಂಗ್ವಿನ್ನೋ ಅಥವಾ ಮೆಟ್ಟಿಲುಗಳನ್ನೇ ಮತ್ತೆ ಜೋಡಿಸಬೇಕೆಂಬ ಸೂಚನೆಯೋ ಎಂಬುದನ್ನು ಮೊದಲ ನೋಟಕ್ಕೆ ಹೇಳುವ ಸೂತ್ರ ಮಾತ್ರ ನಮಗೆ ಯಾವ ಪ್ರಬಂಧದಲ್ಲಿಯೂ ಕಾಣಲಿಲ್ಲ. ಇರಲಾರದೆಂದೇ ನಮ್ಮ ಅಭಿಪ್ರಾಯ.

ಕಾರ್ಯದರ್ಶಿಗಳ ಮನಸ್ಸನ್ನು ನೋಯಿಸಬಾರದೆಂದು ಹೃದಯದ ಬಗ್ಗೆಯೂ ಒಂದು ಮಾತು. ‘ನಮ್ಮ ಇಂಡಿಯನ್ನರ ದೇಹವೇ ಬೇರೆ, ಇವರ ಪುಸ್ತಕದ ಮಾತು ನಮಗೆ ಹೊಂದದು’ ಎಂದು ಊಟದ ಮೇಜುಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅರ್ಧ ನಿಜ. ೫೨ ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಗಳಲ್ಲಿ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು ೫೩. ಉಳಿದವರಿಗೆ ೫೯ರ ಹತ್ತಿರ. ಆದ್ದರಿಂದ ಪುಸ್ತಕದ ‘ಸಾಮಾನ್ಯ’ ರೋಗಿ ನಾವಲ್ಲ. ಆದರೆ ಅದೇ ಅಧ್ಯಯನ ಮತ್ತೊಂದನ್ನೂ ತೋರಿಸಿತು: ಕಾರಣಗಳು ಮಾತ್ರ ಅವವೇ. ಹೊಗೆಸೊಪ್ಪು, ಕೊಬ್ಬು, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಸುತ್ತಳತೆ ಇತ್ಯಾದಿ. ಒಂದು ವಿಷಯದಲ್ಲಿ ಅಪವಾದವಾದವರು ಎಲ್ಲ ವಿಷಯಗಳಲ್ಲೂ ಅಪವಾದವೆಂದು ಭಾವಿಸುವುದು ತರ್ಕದೋಷ. ಸೋಜಿಗವೆಂದರೆ ಯಂತ್ರಗಳಿಗಾಗಿ ೧೯೯೨ರಲ್ಲಿ ರೂಪಿಸಿದ ಕ್ರಮದಲ್ಲಿಯೂ ಇದೇ ದೋಷವಿತ್ತು. ಪೆಂಗ್ವಿನ್ ಹಾರುವುದಿಲ್ಲವಾದ್ದರಿಂದ ಅದು ಮೇಲಿನ ಮೆಟ್ಟಿಲಿಗೆ ಹೋಯಿತಷ್ಟೆ. ಹಾಗೆ ಹೋದ ಮೇಲೆ, ಹಕ್ಕಿಗಳಿಗೆ ಸಾಮಾನ್ಯವಾಗಿ ರೆಕ್ಕೆಯಿರುತ್ತದೆ ಎಂಬ ನಿಯಮವೂ ಅದಕ್ಕೆ ದಕ್ಕದೆ ಹೋಯಿತು. ಲೇಮನ್ ಅವರೇ ೧೯೯೫ರಲ್ಲಿ ಇದಕ್ಕೊಂದು ಪರಿಹಾರ ಕೊಟ್ಟರು: ಎಷ್ಟು ನಿಯಮಗಳು ಮುರಿದಿವೆ, ಎಂಥವು ಮುರಿದಿವೆ ಎಂದು ಎಣಿಸಿ ಮೆಟ್ಟಿಲುಗಳನ್ನು ಕಟ್ಟಿ, ಮುರಿಯಲೇಬೇಕಾದ್ದನ್ನು ಮಾತ್ರ ಮುರಿಯಿರಿ. ‘ಅಕ್ಕ’ ಶಬ್ದ ಬಹುವಚನದಲ್ಲಿ ಹಟಮಾರಿಯಾದರೂ ವಿಭಕ್ತಿಗಳಲ್ಲಿ ಎಲ್ಲರಂತೆಯೇ ನಡೆದುಕೊಳ್ಳುತ್ತದೆಯಲ್ಲವೆ?

ಇನ್ನು ನಮ್ಮ ತಪ್ಪು. ಗುರುತು ಹತ್ತದಂತೆ ವಿವರಗಳನ್ನು ತುಸು ಬದಲಿಸಿ ಹೇಳುತ್ತೇವೆ. ಈ ದೇಶಕ್ಕೆ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದವು. ಪರಿಚಿತ ಕನ್ನಡ ಕುಟುಂಬವೊಂದರಲ್ಲಿ, ಮಗಳ ಬಾಣಂತನಕ್ಕೆಂದು ಹಾಸನದ ಕಡೆಯಿಂದ ಬಂದ ಅರವತ್ತೆರಡರ ತಾಯಿಗೆ ಹೊಟ್ಟೆ ಉಬ್ಬತೊಡಗಿತು. ತೂಕ ಇಳಿಯಿತು. ಸ್ಕ್ಯಾನಿನಲ್ಲಿ ಹೊಟ್ಟೆಯ ತುಂಬ ನೀರು, ಕರುಳಿನ ಸುತ್ತಲಿನ ಪೊರೆ ಅಲ್ಲಲ್ಲಿ ದಪ್ಪ. ರಕ್ತದಲ್ಲಿ ಸಿ.ಎ. ೧೨೫ ಎಂಬ ವಸ್ತುವಿನ ಪ್ರಮಾಣ ಬಹಳ ಏರಿತ್ತು. ಈ ವಯಸ್ಸಿನ ಸ್ತ್ರೀಯರಲ್ಲಿ ಇವೆಲ್ಲ ಕೂಡಿ ಬಂದರೆ ಸಾಮಾನ್ಯವಾಗಿ ಅದು ಅಂಡಾಶಯದ ಕ್ಯಾನ್ಸರ್. ಬಯಾಪ್ಸಿಗೆ ಮೊದಲೇ, ಮಗಳು ಅಳಿಯಂದಿರನ್ನು ಕೂರಿಸಿಕೊಂಡು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದೆವು. ಸ್ನೇಹದ ಮಾತೆಂದುಕೊಂಡೇ ಆಡಿದ್ದು. ಅದು ಗೋಡೆ ದಾಟಿ ತಾಯಿಯ ಕಿವಿಗೂ ಬಿತ್ತು. “ನನಗೆ ಕುಯ್ಯೋದು ಗಿಯ್ಯೋದು ಏನೂ ಬೇಡ, ಊರಿಗೆ ಕಳಿಸಿಬಿಡಿ, ಅಲ್ಲೇ ಕಣ್ಮುಚ್ತೀನಿ” ಎಂದು ಆಕೆ ಹಟ ಹಿಡಿದರು. ಟಿಕೆಟ್ಟು ಕೂಡ ತೆಗೆದದ್ದಾಯಿತು.

ಆಕೆಗೆ ಮೂರು ವಾರಗಳಿಂದ ಸಂಜೆಸಂಜೆ ಜ್ವರ ಬರುತ್ತಿತ್ತು. ಅಂಡಾಶಯದ ಕ್ಯಾನ್ಸರಿನಲ್ಲಿ ಅದು ನಿರೀಕ್ಷಿತವಲ್ಲ. ನಾವು ಅದನ್ನು ಕಂಡಿದ್ದೆವು, ಬರೆದೂ ಇದ್ದೆವು. ಮೂತ್ರದ ಸೋಂಕಿರಬೇಕೆಂದು ಅದರ ಪಕ್ಕದಲ್ಲೇ ಟಿಪ್ಪಣಿ ಹಾಕಿದ್ದೆವು. ತೇಪೆ. ಮೈಸೂರಿನ ಮೆಟ್ಟಿಲುಗಳನ್ನು ಹೊತ್ತು ತಂದು ಓಹಾಯೊ ರೈತರ ಮುಂದೆ ಎಡವಿದವರು, ಈ ವೇಳೆಗೆ ಇಲ್ಲಿನ ಮೆಟ್ಟಿಲುಗಳನ್ನು ಎಷ್ಟು ಚೆನ್ನಾಗಿ ಕಲಿತಿದ್ದೆವೆಂದರೆ ಹಾಸನದ ತಾಯಿಯ ಮುಂದೆ ಎಡವಿದೆವು. ಶಸ್ತ್ರವೈದ್ಯೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿತ್ತೆ? ಆಕೆಯೊಡನೆ ಕನ್ನಡದಲ್ಲಿ ಮಾತಾಡಬಲ್ಲ ವೈದ್ಯರು ಆ ಆಸ್ಪತ್ರೆಯಲ್ಲಿ ನಾವೊಬ್ಬರೇ. ನಾವೇ ಅದನ್ನು ಕೇಳಿರಲಿಲ್ಲ. ಕೇಳಿದಾಗ, ಯಜಮಾನರು ಇಪ್ಪತ್ತು ವರ್ಷದ ಹಿಂದೆ ಆರು ತಿಂಗಳು ಟಿ.ಬಿ. ಮಾತ್ರೆ ನುಂಗಿದ್ದನ್ನು ಆಕೆ ಕೂಡಲೇ ಹೇಳಿದರು. ಪೊರೆಯ ಕ್ಷಯ ಅಂಡಾಶಯದ ಕ್ಯಾನ್ಸರಿನ ವೇಷವನ್ನು ಚಾಚೂ ತಪ್ಪದೆ ಹಾಕಬಲ್ಲದು, ಸಿ.ಎ. ೧೨೫ ಎರಡರಲ್ಲೂ ಏರುತ್ತದೆ. ಇದು ನಮಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ.

ಆಕೆಯನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಒಮ್ಮೆ ಕ್ಯಾನ್ಸರ್ ಎಂದವರು ಈಗ ಅಲ್ಲದಿರಬಹುದು ಎಂದರೆ ಯಾರು ತಾನೆ ನಂಬುತ್ತಾರೆ? ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಪೊರೆಯ ಚೂರನ್ನು ತೆಗೆದು ನೋಡಿದರು. ಕ್ಯಾನ್ಸರಿನ ಒಂದು ಕಣವೂ ಇರಲಿಲ್ಲ, ಕ್ಷಯದ ಗಂಟುಗಳಿದ್ದವು. ಎರಡು ತಿಂಗಳು ನಾಲ್ಕು ಮಾತ್ರೆ, ಆಮೇಲೆ ನಾಲ್ಕು ತಿಂಗಳು ಎರಡು ಮಾತ್ರೆ.

ಸುದ್ದಿಯನ್ನು ಮನೆಗೇ ಹೋಗಿ ಹೇಳಿದೆವು. ತಪ್ಪೊಪ್ಪಿಗೆಯ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆವು. ಆಕೆ ಅವನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ತೊಟ್ಟಿಲಿನ ಕಡೆ ನೋಡಿ, “ಟಿ.ಬಿ. ಅಂದ್ರೆ ಅಂಟುರೋಗ ಅಲ್ವಾ ಡಾಕ್ಟ್ರೇ? ಹಾಗಾದ್ರೆ ನಾನು ಮಗೂನ ಎತ್ಕೋಬಾರ್ದಾ?” ಎಂದರು.

ಕ್ಷಯವಿದ್ದವರ ಹತ್ತಿರ ಹಸುಗೂಸನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಕ್ಷಯ ಹೊಟ್ಟೆಯ ಪೊರೆಯಲ್ಲಿದ್ದು ಶ್ವಾಸಕೋಶ ಶುದ್ಧವಾಗಿದ್ದರೆ ಅದು ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ. ಎದೆಯ ಎಕ್ಸ್‌ರೇ ಶುದ್ಧವಾಗಿತ್ತು. ಕಫದ ಪರೀಕ್ಷೆಯ ಮೂರನೆಯ ವರದಿ ಇನ್ನೂ ಬಂದಿರಲಿಲ್ಲ. ಈ ಸಲ ನಾವು ಅವಸರ ಮಾಡಲಿಲ್ಲ. ನಾಳೆ ಹೇಳುತ್ತೇವೆ ಎಂದೆವು. ಮರುದಿನ ಮಧ್ಯಾಹ್ನ ವರದಿ ಬಂತು, ಅದೂ ಶುದ್ಧ. ಫೋನು ಎತ್ತಿದ ಮಗಳಿಗೆ, “ಅಮ್ಮನ ಕೈಗೆ ಮಗೂನ ಕೊಡಮ್ಮ” ಎಂದೆವು.